ನಾಲ್ಕು ಹುಣಸೆಬೀಜದ ಗಣಿತ

ಯುನಿಸೆಫ್ ನೆರವಿನ ನಲಿ-ಕಲಿ 1995ರಲ್ಲಿ ಮೊದಲು ಕಣ್ಣು ಬಿಟ್ಟಿದ್ದು ಎಚ್.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ. ಆಂಧ್ರದ ರಿಷಿ ವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿಬಂದ ಶಿಕ್ಷಕರು ಕಾರ್ಡು, ಹಾಡು, ಆಟಗಳನ್ನು ತರಗತಿಯೊಳಗೆ ತಂದರು. ಮುಂದೆ ಅದು ರಾಜ್ಯದ ಪದ್ಧತಿಯಾಯಿತು.

ಅಂಥ ಸೀಮೆಯಲ್ಲಿ ಲೆಕ್ಕ ಕಲಿಸಲು ಆಟ ಹುಡುಕಿಕೊಂಡು ಅಂಗಡಿಗೆ ಹೋಗಬೇಕೆ? ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಕಡೆಯವರಿಗೆ ಚೌಕಾಬಾರ ಹೇಳಿಕೊಡಬೇಕಾದ್ದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಆಟದ ಪಟಗಳನ್ನು ಜಗನ್ಮೋಹನ ಅರಮನೆಯ ಗೋಡೆಗೇ ಬರೆಸಿದರು. ನಮಗೆ ಜಗಲಿಯೂ ಸೀಮೆಸುಣ್ಣವೂ ಸಾಕು. ಐದೈದರ 25 ಮನೆ, ಒಂದು ಬದಿ ಉಜ್ಜಿ ಬೆಳ್ಳಗೆ ಮಾಡಿದ ನಾಲ್ಕು ಹುಣಸೆಬೀಜ. ಬಿಳಿ ಎಷ್ಟು ಮೇಲಾದವೋ ಅಷ್ಟು ನಡೆ. ನಾಲ್ಕೂ ಬಿಳಿಯಾದರೆ ಚೌಕ, ನಾಲ್ಕೂ ಕಪ್ಪಾದರೆ ಬಾರ, ಅಂದರೆ ಎಂಟು.

ಮಗು ಎಣಿಸಲು ಕಲಿಯುತ್ತದೆ ಅನ್ನುವುದು ಇಲ್ಲಿ ತೀರಾ ಸಣ್ಣ ಲಾಭ. ನಿಜವಾದ ಲೆಕ್ಕ ಇರುವುದು ಯಾವ ಕಾಯಿ ನಡೆಸಲಿ ಎಂಬ ಗೊಂದಲದಲ್ಲಿ. ಎದುರಾಳಿಯ ಕಾಯಿ ಮೂರು ಮನೆ ಮುಂದಿದೆ, ತನ್ನ ಇನ್ನೊಂದು ಕಾಯಿಗೆ, ಯಾರೂ ಕಡಿಯಲಾಗದ ಕಟ್ಟೆ ಎರಡೇ ಮನೆ ದೂರ, ಬಿದ್ದದ್ದು ಎರಡು. ಕಡಿಯಲಾಗದು, ಉಳಿಸಿಕೊಳ್ಳಬಹುದು. ಹೊರಟ ಕಟ್ಟೆಯಿಂದ ನಡುಮನೆಗೆ 24 ಹೆಜ್ಜೆ. 17 ನಡೆದ ಕಾಯಿ ನಡುಮನೆ ಸೇರಿ ಹಣ್ಣಾಗಲು ಇನ್ನೆಷ್ಟು ಬೇಕೆಂದು ಹುಡುಗಿ ಬೆರಳು ಮಡಿಸದೆ ಹೇಳುತ್ತಾಳೆ. ಅದೇ ಕಳೆಯುವ ಲೆಕ್ಕವನ್ನು ಹಲಗೆಯ ಮೇಲೆ ಬರೆದರೆ ತಡವರಿಸುತ್ತಾಳೆ. ಆದ್ದರಿಂದ ಮೇಷ್ಟ್ರು ಆಟದ ನಡುವೆ ಬಾಯಿ ಹಾಕದಿರುವುದೇ ಒಳ್ಳೆಯದು. ಆಟ ಮುಗಿದ ಮೇಲೆ ಆ ನಡೆಯನ್ನೇ ಹಲಗೆಗೆ ತರಲಿ.

ದೊಡ್ಡ ತರಗತಿಗೆ ಬೀಜಗಳೇ ಪಾಠ. ಎರಡೂ ಬದಿ ಸಮನಾಗಿ ಬೀಳುತ್ತವೆ ಅಂದುಕೊಂಡರೆ ನಾಲ್ಕು ಬೀಜ ಬೀಳುವ ಬಗೆ 16. ಅದರಲ್ಲಿ ಎರಡು ಬೀಳುವುದು ಆರು ಬಗೆಯಲ್ಲಿ, ಒಂದಕ್ಕೂ ಮೂರಕ್ಕೂ ನಾಲ್ಕು ನಾಲ್ಕು, ಚೌಕಕ್ಕೂ ಬಾರಕ್ಕೂ ಒಂದೊಂದೇ. ಆದರೆ ಉಜ್ಜಿದ ಬೀಜಕ್ಕೆ ಅಷ್ಟು ನ್ಯಾಯನಿಷ್ಠೆ ಇರಬೇಕೆಂದೇನಿಲ್ಲ. ನೂರು ಸಲ ಎಸೆದು ಗೀಟು ಹಾಕುತ್ತಾ ಹೋದರೆ ಯಾರ ಬೀಜ ಎತ್ತ ವಾಲುತ್ತದೆಂದು ಮಕ್ಕಳೇ ಕಂಡುಕೊಳ್ಳುತ್ತಾರೆ. ಬಾರ ಬೀಳಿಸುವ ಬೀಜ ಯಾರ ಜೇಬಿನಲ್ಲಿದೆ ಎಂಬ ಜಗಳವೂ ಆಗ ಅಂಕಿಅಂಶದ ಮೇಲೆ ನಡೆಯುತ್ತದೆ. ಅಲ್ಲಿಗೂ ತೃಪ್ತಿಯಾಗದವರಿಗೆ ಏಳೇಳರ ಮನೆ ಬರೆದುಕೊಟ್ಟು ನಡುಮನೆಗೆ ಎಷ್ಟು ಹೆಜ್ಜೆ ಎಂದು ಕೇಳಬಹುದು. ಸುತ್ತುಗಳನ್ನು 24, 16, 8 ಎಂದು ಕೂಡಿ 48 ಎನ್ನುವವರಿರುತ್ತಾರೆ. ಏಳೇಳಲ ನಲವತ್ತೊಂಬತ್ತರಲ್ಲಿ ಒಂದು ಕಳೆದು ಥಟ್ಟನೆ ಹೇಳುವವರೂ ಇರುತ್ತಾರೆ.