ಕ್ವಾಂಟಮ್ ಗಣಕದಲ್ಲಿ ಮಾಹಿತಿಯ ಸಾಗಣೆಯೂ ಗದ್ದಲದ ಗಣಿತವೂ

ಮುಂಬಯಿಯ ಕೊಲಾಬಾದಲ್ಲಿರುವ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯು ರಕ್ಷಣಾ ಇಲಾಖೆಯ ಪುಣೆಯ ಪ್ರಯೋಗಾಲಯದೊಡನೆ ಕೈಗೂಡಿ, ಆರು ಕ್ಯೂಬಿಟ್‌ಗಳ ಅತಿವಾಹಕ ಕ್ವಾಂಟಮ್ ಯಂತ್ರವೊಂದರ ಪರೀಕ್ಷೆಯನ್ನು ಪೂರೈಸಿದ ಸುದ್ದಿ 2024ರ ಆಗಸ್ಟ್‌ನಲ್ಲಿ ಪ್ರಕಟವಾಯಿತು. ಇಂಥ ಯಂತ್ರದಲ್ಲಿ ಲೆಕ್ಕ ಮಾಡುವುದಷ್ಟೇ ಅಲ್ಲ, ಮಾಹಿತಿಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವುದೂ ಕಠಿನವಾದ ಕಾರ್ಯವೇ.

ಸಾಮಾನ್ಯ ಗಣಕವು ಮಾಹಿತಿಯ ನಕಲನ್ನು ಕಳುಹಿಸುತ್ತದೆ. ಮೂಲವು ಇದ್ದಲ್ಲೇ ಉಳಿಯುತ್ತದೆ. ಆದರೆ ಅಜ್ಞಾತವಾದ ಕ್ವಾಂಟಮ್ ಸ್ಥಿತಿಗೆ ನಕಲು ತೆಗೆಯುವುದು ಅಸಾಧ್ಯವೆಂದು 1982ರಲ್ಲಿ ವುಟರ್ಸ್ ಮತ್ತು ಝುರೆಕ್ ಅವರೂ, ಪ್ರತ್ಯೇಕವಾಗಿ ಡೀಕ್ಸ್ ಅವರೂ ತೋರಿಸಿಕೊಟ್ಟರು. ಆದಕಾರಣ ದಾರಿಯಲ್ಲಿ ಕೆಟ್ಟ ಮಾಹಿತಿಗೆ ಬದಲಿ ಪ್ರತಿಯೆಂಬುದಿಲ್ಲ. ನೆರೆಹೊರೆಯ ಕ್ಯೂಬಿಟ್‌ಗಳ ಸ್ಥಿತಿಗಳನ್ನು ಅದಲುಬದಲು ಮಾಡುತ್ತ ಅದನ್ನು ಹೆಜ್ಜೆಹೆಜ್ಜೆಯಾಗಿ ಸಾಗಿಸುವುದು ರೂಢಿಯ ಕ್ರಮ. ಒಂದು ಅದಲುಬದಲಿಗೆ ಸಾಮಾನ್ಯವಾಗಿ ಮೂರು ಜೋಡಿಕ್ರಿಯೆಗಳು ಬೇಕು. ಪ್ರತಿಯೊಂದು ಕ್ರಿಯೆಯೂ ನೂರಕ್ಕೆ 99ರಷ್ಟು ಶುದ್ಧವೆಂದಿಟ್ಟುಕೊಂಡರೂ, ಹತ್ತು ಹೆಜ್ಜೆಗಳ, ಎಂದರೆ ಮೂವತ್ತು ಕ್ರಿಯೆಗಳ ಕೊನೆಗೆ ಉಳಿಯುವ ಶುದ್ಧಿ ಸುಮಾರು 74 ಮಾತ್ರ.

ಈ ಸರಳ ಗುಣಾಕಾರವೂ ಸಾಲದು. ಶಾಖ, ಸೋರುವ ಶಕ್ತಿ, ನೆರೆಯ ಕ್ಯೂಬಿಟ್‌ಗಳ ಅನಪೇಕ್ಷಿತ ಪ್ರಭಾವ, ನಿಯಂತ್ರಣದ ಅಲೆಗಳ ಅಳತೆದೋಷ, ಇವೆಲ್ಲಕ್ಕೂ ವಿಜ್ಞಾನಿಗಳು ಗದ್ದಲವೆಂದು ಹೆಸರಿಟ್ಟಿದ್ದಾರೆ. ಸುಮ್ಮನೆ ಕಾದಿರುವ ಕ್ಯೂಬಿಟ್ ಕೂಡ ಕಾಲಕ್ರಮದಲ್ಲಿ ಸವೆಯುತ್ತದೆ. ದೋಷವು ಯಾದೃಚ್ಛಿಕವಾಗಿದ್ದರೆ ಕ್ರಿಯೆಗಳ ಸಂಖ್ಯೆಗೆ ಅನುಗುಣವಾಗಿ ಬೆಳೆಯುತ್ತದೆ. ಒಂದೇ ದಿಕ್ಕಿಗೆ ವಾಲುವ ದೋಷವಾದರೆ ಆ ಸಂಖ್ಯೆಯ ವರ್ಗಕ್ಕೆ ಅನುಗುಣವಾಗಿ ಬೆಳೆಯಬಲ್ಲದು. ಸಾವಿರಕ್ಕೆ ಒಂದರಷ್ಟಿರುವ ದೋಷ ಹತ್ತು ಕ್ರಿಯೆಗಳಲ್ಲಿ ಮೊದಲ ಬಗೆಗೆ ಸಾವಿರಕ್ಕೆ ಸುಮಾರು ಹತ್ತಾದರೆ, ಎರಡನೆಯ ಬಗೆಗೆ ಸುಮಾರು ನೂರರ ಹತ್ತಿರಕ್ಕೆ ಬರಬಹುದು. ಒಂದನ್ನು ಮತ್ತೊಂದೆಂದು ಬಗೆದ ಗಣಿತಮಾದರಿಯು ಯಂತ್ರದ ಯೋಗ್ಯತೆಯನ್ನು ಹತ್ತು ಪಟ್ಟು ತಪ್ಪಾಗಿ ಹೇಳುತ್ತದೆ. ಉದ್ದೇಶಪೂರ್ವಕವಾಗಿ ಯಾದೃಚ್ಛಿಕ ಕ್ರಿಯೆಗಳನ್ನು ಬೆರೆಸಿ ವಾಲುವ ದೋಷವನ್ನು ಮೊದಲ ಬಗೆಗೆ ತಿರುಗಿಸುವ ಉಪಾಯವನ್ನು 2016ರಲ್ಲಿ ವಾಲ್ಮನ್ ಮತ್ತು ಎಮರ್ಸನ್ ಅವರು ಸೂಚಿಸಿದರು.

ಸಾಗಣೆಯನ್ನೇ ತಗ್ಗಿಸುವುದು ಮತ್ತೊಂದು ಮಾರ್ಗ. ಕೊಲಾಬಾದ ಸಂಸ್ಥೆಯಲ್ಲಿ ವಿಜಯರಾಘವನ್ ಅವರ ತಂಡವು ಉಂಗುರಾಕಾರದ ಅನುನಾದಕದ ಮೂಲಕ ದೂರದ ಕ್ಯೂಬಿಟ್‌ಗಳನ್ನೂ ನೇರವಾಗಿ ಜೋಡಿಸುವ ರಚನೆಯನ್ನು 2021ರಲ್ಲಿ ಪ್ರಕಟಿಸಿತು. ಜೋಡಣೆ ಹೆಚ್ಚಿದಂತೆ ಹೆಜ್ಜೆಗಳು ಕಡಿಮೆಯಾಗುತ್ತವೆ, ಆದರೆ ಅನಪೇಕ್ಷಿತ ಪ್ರಭಾವಕ್ಕೂ ಹೊಸ ದಾರಿ ತೆರೆಯುತ್ತದೆ. ಆದ್ದರಿಂದ ಅತಿ ಹ್ರಸ್ವವಾದ ದಾರಿಯೇ ಅತಿ ಸುರಕ್ಷಿತವೆನ್ನಲಾಗದು.

2023ರಲ್ಲಿ ಮಂಜೂರಾದ ರಾಷ್ಟ್ರೀಯ ಕ್ವಾಂಟಮ್ ಯೋಜನೆಯು 6,003.65 ಕೋಟಿ ರೂಪಾಯಿಗಳ ವೆಚ್ಚದಲ್ಲಿ ಎಂಟು ವರ್ಷಗಳೊಳಗೆ 50ರಿಂದ 1,000 ಕ್ಯೂಬಿಟ್‌ಗಳ ಯಂತ್ರಗಳನ್ನು ಬಯಸಿದೆ. ಕ್ಯೂಬಿಟ್‌ಗಳ ಸಂಖ್ಯೆಯೊಂದೇ ಯಂತ್ರದ ಬಲವಲ್ಲ. ಅವುಗಳ ನಡುವಣ ದಾರಿಯ ನಷ್ಟವನ್ನು ಪ್ರಾಮಾಣಿಕವಾಗಿ ಎಣಿಸಿದಾಗಲೇ ಆ ಬಲದ ನಿಜವಾದ ಅಳತೆ ತಿಳಿಯುತ್ತದೆ.