ಅಘನಾಶಿನಿಯ ಅಳಿವೆ

ನದಿಯು ಕಡಲನ್ನು ಕೂಡುವ ಬಾಯಿಗೆ ಕನ್ನಡದಲ್ಲಿ ಅಳಿವೆಯೆಂದು ಹೆಸರು. ಉತ್ತರ ಕನ್ನಡದ ಕುಮಟಾ ತಾಲ್ಲೂಕಿನಲ್ಲಿ, ಬಡಗಣ ದಡದ ತದಡಿಗೂ ತೆಂಕಣ ದಡದ ಅಘನಾಶಿನಿ ಗ್ರಾಮಕ್ಕೂ ನಡುವಣ ಅಳಿವೆಯು ಬಾಯಲ್ಲಿ ಕಿರಿದಾಗಿದ್ದರೂ ಒಳಗೆ ವಿಸ್ತಾರವಾದ ಹಿನ್ನೀರಾಗಿ ಹರಡಿದೆ. ಶಿರಸಿಯ ಬಳಿ ಹುಟ್ಟಿ ಉಂಚಳ್ಳಿಯಲ್ಲಿ ಧುಮುಕಿ ಬರುವ ಈ ಹೊಳೆಗೆ ದೊಡ್ಡ ಅಣೆಕಟ್ಟು ಎಲ್ಲಿಯೂ ಇಲ್ಲ. ಆದಕಾರಣ ಘಟ್ಟದ ಮಣ್ಣು ತಡೆಯಿಲ್ಲದೆ ಇಳಿದುಬಂದು, ನೀರಿನ ವೇಗ ಕುಂದುವೆಡೆಯಲ್ಲಿ ಕೆಸರಾಗಿ ತಂಗುತ್ತದೆ.

ಕಂದಾಯದ ಕಣ್ಣಿಗೆ ಈ ಕೆಸರು ನಿರುಪಯೋಗಿ. ಹಕ್ಕಿಗಳಿಗಾದರೋ ಅದೇ ಅನ್ನದ ಹರಿವಾಣ. ದಿನಕ್ಕೆರಡು ಬಾರಿ ಇಳಿತದಲ್ಲಿ ನೆಲ ತೆರೆದಾಗ, ಹೆಗ್ಗೊರವವು ಕೆಳಕ್ಕೆ ಬಾಗಿದ ನೀಳ ಕೊಕ್ಕನ್ನು ಬುಡದವರೆಗೆ ಊರಿ ಆಳದ ಹುಳುಗಳನ್ನು ಎಳೆಯುತ್ತದೆ. ಅದರ ಪಕ್ಕದಲ್ಲಿಯೇ ಮೋಟುಕೊಕ್ಕಿನ ಪ್ಲವರ್ ಹಕ್ಕಿಯು ನಾಲ್ಕು ಹೆಜ್ಜೆ ಓಡಿ, ನಿಂತು, ಕಣ್ಣಿಗೆ ಕಂಡುದನ್ನಷ್ಟೇ ಮೇಲಿನಿಂದ ಹೆಕ್ಕುವುದು. ಒಂದೇ ಹೊಲದಲ್ಲಿ ಇಬ್ಬರು ಒಕ್ಕಲಿಗರು ವ್ಯಾಜ್ಯವಿಲ್ಲದೆ ಬಾಳುವುದು ಮನುಷ್ಯರಲ್ಲಿ ಅಪರೂಪವೇ ಸರಿ! ಇವೆರಡೂ ಉತ್ತರ ದೇಶಗಳಿಂದ ಚಳಿಗಾಲಕ್ಕೆ ಬರುವ ಅತಿಥಿಗಳು. ನದಿ ರೀವ, ಹಾವಕ್ಕಿಗಳು ನಮ್ಮ ನಾಡಿನವು.

ಭರತವೇರಿ ಕೆಸರು ಮುಳುಗಿದಾಗ ಅವು ಎಲ್ಲಿ ನಿಲ್ಲಬೇಕು? ಈ ಪ್ರಶ್ನೆಯನ್ನು ಕೇಳುವವರು ವಿರಳ. ಉಣ್ಣಲು ತಗ್ಗು ಬೇಕಾದಂತೆ ವಿಶ್ರಮಿಸಲು ಎತ್ತರದ ಮರಳದಿಬ್ಬವೋ ಒಡ್ಡೋ ಬೇಕು. ಅಂತಹ ಒಡ್ಡುಗಳಿಂದ ಉಪ್ಪುನೀರನ್ನು ತಡೆದು ‘ಕಗ್ಗ’ವೆಂಬ ಬತ್ತವನ್ನು ಬೆಳೆಯುವ ಗದ್ದೆಗಳಿಗೆ ಇಲ್ಲಿ ಗಜನಿಯೆನ್ನುತ್ತಾರೆ. 2024ರಲ್ಲಿ ಅಳಿವೆಯ 4,801 ಹೆಕ್ಟೇರ್ ಪ್ರದೇಶವು ರಾಮ್ಸಾರ್ ಪಟ್ಟಿಯನ್ನು ಸೇರಿತು. ಸಂತೋಷದ ವಿಷಯವೇ. ಆದರೆ ಅದಕ್ಕೆ ಮೊದಲೇ ಹಲವು ಗಜನಿಗಳು ಸೀಗಡಿಯ ಕೊಳಗಳಾಗಿದ್ದವು. ಕಗ್ಗ ಬಿತ್ತುವ ಕೈಗಳೂ ಕಡಮೆಯಾಗಿದ್ದವು.