ಬ್ಲೈಂಡ್ ಬಾಕ್ಸ್ ಗೊಂಬೆ: 12 ಡಬ್ಬಿ ಕೊಂಡರೆ ಸೆಟ್ ಪೂರ್ತಿಯಾಗುತ್ತಾ?

ಬ್ಲೈಂಡ್ ಬಾಕ್ಸ್ ಎಂದರೆ, ಒಳಗೆ ಯಾವ ಗೊಂಬೆ ಇದೆ ಎಂದು ಬಿಚ್ಚುವವರೆಗೂ ಗೊತ್ತಾಗದ ಡಬ್ಬಿ. 2004ರಲ್ಲಿ ಜಪಾನಿನಲ್ಲಿ ಬಂದ ‘ಸನ್ನಿ ಏಂಜಲ್’ ಇಂಥದ್ದೇ. ಒಂದು ಸರಣಿಯಲ್ಲಿ ಸಾಮಾನ್ಯವಾಗಿ 12 ಬಗೆ.

ಇಷ್ಟು ಸೆಳೆತ ಏಕೆ?
ಗದಗ ಕಡೆಯ ಜಾತ್ರೆಯಲ್ಲಿ ಚೀಟಿ ಎತ್ತುವಾಗಲೂ ‘ಇನ್ನೊಂದು ಸಲ’ ಎನಿಸುತ್ತದಲ್ಲ, ಇದೂ ಹಾಗೆಯೇ. ಯಾವಾಗ ಕಾಳು ಬೀಳುತ್ತದೆಂದು ಗೊತ್ತಿಲ್ಲದಾಗ ಪಾರಿವಾಳಗಳು ಬಿಡದೆ ಕುಕ್ಕುವುದನ್ನು ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ತೋರಿಸಿದ್ದರು.

12 ಡಬ್ಬಿ ಸಾಕೇ?
ಸಾಲದು. ಎಲ್ಲ ಬಗೆಯೂ ಸಮವಾಗಿ ಸಿಗುವಂತಿದ್ದರೂ, ಬಿಡಿಬಿಡಿಯಾಗಿ ಕೊಂಡರೆ ಸರಾಸರಿ 37 ಡಬ್ಬಿ ಬೇಕು. ಕೊನೆಯ ಒಂದು ಗೊಂಬೆಗೇ ಸರಾಸರಿ 12!

ಗೊಂಬೆ ಇಷ್ಟವಾದರೆ ಕೊಳ್ಳಿ, ತಪ್ಪಿಲ್ಲ. ಆದರೆ ಎಷ್ಟು ಡಬ್ಬಿ ಎಂದು ಮೊದಲೇ ತೀರ್ಮಾನಿಸಿ; ಉಳಿದದ್ದನ್ನು ಗೆಳೆಯರೊಂದಿಗೆ ಅದಲುಬದಲು ಮಾಡಿಕೊಳ್ಳಿ ಎನ್ನುತ್ತೇವೆ ನಾವು.